ಹಳದಿ ಫ್ರಾಕಿನ ಮಡಿಕೆ

ಮಕ್ಕಳ ಬಟ್ಟೆಗೆ ನಾಲ್ಕು ಬೆರಳಿನಷ್ಟು ಹೆಚ್ಚು ಬಿಟ್ಟು, ಒಳಕ್ಕೆ ಮಡಚಿ ಹೊಲಿಯುವುದು ನನ್ನ ಪದ್ಧತಿ. ಮಗು ಬೆಳೆದಂತೆ ತಾಯಿ ಹೊಲಿಗೆ ಬಿಚ್ಚಿ ಅಂಚನ್ನು ಇಳಿಸಿಕೊಳ್ಳುತ್ತಾಳೆ. ಇನ್ನೊಂದು ವರ್ಷ ಅದೇ ಬಟ್ಟೆ ಆಗುತ್ತದೆ. ಇದನ್ನು ಗಿರಾಕಿಗಳು ಕೇಳಬೇಕಾಗಿಲ್ಲ. ನನ್ನ ಕೈಯೇ ಬಿಡುತ್ತದೆ.

ಮೊಮ್ಮಗಳಿಗೆ ಆರು ವರ್ಷ. ಅವಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮನೆಯವರೆಲ್ಲ ವಟವಟಿ ಎಂದೇ ಕರೆಯುತ್ತಿದ್ದೆವು. ಈಗ ಎರಡು ಮಾತಾಡಿದರೆ ಏದುಸಿರು. ಮರುದಿನ ಬೆಳಿಗ್ಗೆ ಅವಳ ಹೃದಯಕ್ಕೆ ಆಪರೇಷನ್. "ನಮ್ಮ ಪ್ರಯತ್ನ ನಾವು ಮಾಡ್ತೀವಿ" ಎಂದಿದ್ದ ಡಾಕ್ಟರು ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಮನೆಗೆ ಬರುವಾಗ ಹಾಕಿಕೊಳ್ಳಲು ಎರಡು ಜೇಬಿನ ಹಳದಿ ಫ್ರಾಕು ಬೇಕೆಂದು ಅವಳು ಆಸ್ಪತ್ರೆಯ ಮಂಚದಿಂದಲೇ ಹಟ ಹಿಡಿದಿದ್ದಳು.

ಸಂಜೆ ಅದನ್ನು ಒಯ್ಯಲು ಮಗಳು ಅಂಗಡಿಗೆ ಬಂದಳು. ಅಳಿಯ ಮಗುವಿನ ಹತ್ತಿರ ಇದ್ದ. ಹೋದ ವರ್ಷ ನನ್ನ ಹೆಂಡತಿ ತೀರಿಕೊಳ್ಳುವವರೆಗೆ ಮಗಳ ಕಷ್ಟಗಳೆಲ್ಲ ತಾಯಿಯ ಮಡಿಲಿಗೇ ಬೀಳುತ್ತಿದ್ದವು. ನನಗೆ ಅವಳ ಅಳತೆ ಗೊತ್ತಿತ್ತೇ ಹೊರತು ಅಳು ಗೊತ್ತಿರಲಿಲ್ಲ.

"ಜೇಬು ಇಷ್ಟು ದೊಡ್ಡದಾ ಅಪ್ಪ? ಊರಿನ ಕಲ್ಲೆಲ್ಲ ತುಂಬ್ಕೊಂಡು ಬರ್ತಾಳೆ."

"ತುಂಬ್ಕೊಳ್ಳಲಿ ಬಿಡು. ಹರಿದ್ರೆ ಹೊಲಿಯೋಕೆ ತಾತ ಇದ್ದಾನೆ."

ಅವಳು ನಕ್ಕಳು. ದರ್ಜಿಯ ಮಗಳಲ್ಲವೇ, ಮಾತಾಡುತ್ತಲೇ ಅಂಚನ್ನು ತಿರುವಿದಳು. ಕೈ ಅಲ್ಲೇ ನಿಂತಿತು.

"ಮಡಿಕೆ ಎಲ್ಲಿ?"

ನೋಡಿದೆ. ಫ್ರಾಕು ಮಗುವಿನ ಈ ಹೊತ್ತಿನ ಅಳತೆಗೆ ಸರಿಯಾಗಿತ್ತು. ಒಳಗೆ ಏನೂ ಇರಲಿಲ್ಲ.

"ಬಟ್ಟೆ ಸಾಲಲಿಲ್ಲ ಕಂದ."

ಇನ್ನೊಂದು ಫ್ರಾಕಿಗಾಗುವಷ್ಟು ಹಳದಿ ಬಟ್ಟೆ ಮೇಜಿನ ಮೇಲೇ ಬಿದ್ದಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನೀನೂ ಆಸೆ ಬಿಟ್ಟುಬಿಟ್ಯಾ ಅಪ್ಪ?"

ಮೂರು ಹೊತ್ತೂ ಪ್ರಾರ್ಥನೆ ಮಾಡುವವನು ನಾನು. ತುಟಿ ದೇವರನ್ನು ಬೇಡುತ್ತಿದ್ದಾಗಲೇ ಕತ್ತರಿ ಬೇರೆ ತೀರ್ಮಾನ ಮಾಡಿಬಿಟ್ಟಿತ್ತು. ಎಲ್ಲ ಸರಿಹೋಗುತ್ತದೆ ಎಂದು ಈ ಸಲ ಹೇಳಲಾರದಾದೆ. ಹೆಂಡತಿಯ ಹಾಸಿಗೆಯ ಬಳಿಯೂ ಅದನ್ನೇ ಹೇಳಿದ್ದೆ, ಮಗಳು ಕೇಳಿಸಿಕೊಂಡಿದ್ದಳು.

"ಕೈಗೆ ಭಯ ಹಿಡಿದಿದೆ ಮಗಳೇ," ಎಂದೆ. "ನಿನಗೆ ಧೈರ್ಯ ಹೇಳೋಣ ಅಂದ್ರೆ, ನನ್ನ ಹತ್ರಾನೇ ಇಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದು ಅತ್ತಳು. ಮಗುವಿನ ಮುಂದೆ ಇಷ್ಟು ದಿನ ನಗುತ್ತಲೇ ಇದ್ದವಳು. ಪಕ್ಕದಲ್ಲಿ ಕೂತೆ. ನನಗೂ ಅಳು ಬಂತು; ತಡೆಯಲಿಲ್ಲ.

ಕೊನೆಗೆ ಅವಳೇ ಮೂಗೊರೆಸಿಕೊಂಡು, "ಬಿಚ್ಚು," ಎಂದಳು.

ಸೊಂಟದ ಹೊಲಿಗೆಯನ್ನು ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ನಾನು ಬಿಚ್ಚಿದೆವು. ಕೆಳಭಾಗವನ್ನು ಹೊಸದಾಗಿ ಕತ್ತರಿಸಲು ಮಿಕ್ಕ ಬಟ್ಟೆ ಹಾಸಿದೆ. ಅಳತೆ ಹಾಕಿ, ಅದರ ಕೆಳಗೆ ನಾಲ್ಕು ಬೆರಳು ಇಟ್ಟೆ.

"ಸಾಲದು. ಒಂದು ಗೇಣು ಬಿಡು."

"ಗೇಣು ಮಡಚಿದ್ರೆ ಗೋಣಿಚೀಲದ ಹಾಗೆ ಜೋಲುತ್ತೆ ಕಣೆ. ಈ ಮುದುಕನಿಗೆ ಕಣ್ಣು ಹೋಯ್ತು ಅಂತಾರೆ ನೋಡಿದೋರು."

"ಅನ್ನಲಿ."

ಬೇರೆ ಯಾರೇ ಕೇಳಿದ್ದರೂ ಬಟ್ಟೆ ವಾಪಸು ಕೊಟ್ಟು ಕಳಿಸುತ್ತಿದ್ದೆ. ಈಗ ಸೀಮೆಸುಣ್ಣ ಕೈಗೆತ್ತಿಕೊಂಡೆ. ಅವಳೇ ಬಾಗಿ, ಹೆಬ್ಬೆರಳಿಂದ ಕಿರುಬೆರಳವರೆಗೆ ಕೈ ಅಗಲಿಸಿ ಬಟ್ಟೆಯ ಮೇಲೆ ಗೇಣು ಹಾಕಿದಳು. ನಾನು ಅವಳ ಬೆರಳ ತುದಿಗೆ ಗೆರೆ ಎಳೆದೆ.