ಪೆಟ್ಟಿಗೆಯ ಹಿಂದೆ

ಆ ಪೆಟ್ಟಿಗೆಯನ್ನು ಮೊದಲು ಕಂಡವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರೂ ಹೇಳಲಿಲ್ಲ.

ಹಳೆಯ ನೃತ್ಯಶಾಲೆಯೊಂದನ್ನು ಕೆಡವುವ ಮೊದಲು ಸಾಮಾನು ಖಾಲಿ ಮಾಡುತ್ತಿದ್ದರು. ಸೋದರಮಾವನ ರಿಪೇರಿ ಅಂಗಡಿಗೆ ಫ್ಯಾನೋ ಮೈಕೋ ಸಿಕ್ಕೀತೆಂದು ಹೋಗಿದ್ದೆ. ಮುರಿದ ಕುರ್ಚಿಗಳ ಅಡಿಯಲ್ಲಿ ಗಿಟಾರಿನ ಸದ್ದು ಹೆಚ್ಚಿಸುವ ಒಂದು ಆಂಪ್ಲಿಫೈಯರ್ ಪೆಟ್ಟಿಗೆ ಬೋರಲು ಬಿದ್ದಿತ್ತು. ಹಿಂದಿನ ಹಲಗೆ ಸರಿಸಿದರೆ ಇಲಿಗೂಡು. ಗೂಡಿನ ನಡುವೆ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಐದು ಗಾಜಿನ ವಾಲ್ವುಗಳು, ಒಂದೂ ಒಡೆದಿರಲಿಲ್ಲ. ಅಜ್ಜಿಯ ಕಥೆಗಳಲ್ಲಿ ಶಾಪ ತಗುಲಿ ಕಲ್ಲಾದವಳ ಎದೆಗೆ ಕಿವಿಯಿಟ್ಟು ಉಸಿರು ಹುಡುಕುತ್ತಾರಲ್ಲ, ಹಾಗೆ ನಾನು ಆ ಗಾಜಿಗೆ ಕಿವಿಯಿಟ್ಟೆ. ಕಾವಲುಗಾರ ನಕ್ಕು, "ತಗೊಂಡ್ಹೋಗಮ್ಮ, ಇಲಿ ಸಮೇತ" ಎಂದ.

ನಾಲ್ಕು ತಿಂಗಳು ಹಿಡಿಯಿತು. ಒಳಗೆ ಕೈ ಹಾಕುವಾಗ ಇನ್ನೊಂದು ಕೈ ಬೆನ್ನ ಹಿಂದೆ ಇರಬೇಕೆಂದು ಮಾವ ಮೊದಲ ದಿನವೇ ಕಲಿಸಿದ್ದ; ಕರೆಂಟು ತೆಗೆದ ಮೇಲೂ ಕಂಡೆನ್ಸರುಗಳಲ್ಲಿ ಹೊಡೆತ ಉಳಿದಿರುತ್ತದೆ, ಎರಡೂ ಕೈ ಒಳಗಿದ್ದರೆ ಅದು ಎದೆಯ ಮೂಲಕವೇ ಹಾಯುತ್ತದೆ. ನಾನು ಒಂದೇ ಕೈಯಲ್ಲಿ ಬೆಸುಗೆ ಬಿಡಿಸಿದೆ, ಉಬ್ಬಿದ ಕಂಡೆನ್ಸರುಗಳನ್ನು ಕಿತ್ತು ಹೊಸವು ಕೂರಿಸಿದೆ, ಹರಿದ ಸ್ಪೀಕರಿನ ಕಾಗದಕ್ಕೆ ತೆಳು ಹಾಳೆ ಅಂಟಿಸಿದೆ. ಕೊನೆಗೊಂದು ಮಧ್ಯಾಹ್ನ, ಬಲ್ಬೊಂದರ ಮೂಲಕ ಕರೆಂಟು ಹಾಯಿಸಿದೆವು. ಬಲ್ಬು ಜಗ್ಗನೆ ಉರಿದು ಮಂಕಾಯಿತು; ಒಳಗೆ ಶಾರ್ಟ್ ಇಲ್ಲ ಎಂದರ್ಥ. ವಾಲ್ವುಗಳೊಳಗೆ ಕೆಂಪು ಮೂಡಿತು. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಂತೆ ಗುಂಯ್ ಎಂದಿತು.

"ಇನ್ನು ನುಡಿಸೋರು ಬೇಕು. ನಿಮ್ಮಕ್ಕನ್ನ ಕರಿ" ಎಂದ ಮಾವ.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಅಕ್ಕ ನಾಲ್ವರ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಾಳೆ. ಅಷ್ಟು ದಿನ ಇಲಿಗೂಡಿಗೆ ಬೆಸುಗೆ ಹಾಕುತ್ತಿದ್ದೀಯಾ ಎಂದು ನನ್ನನ್ನು ಆಡಿಕೊಂಡಿದ್ದವಳು ಬಂದಳು, ಗಿಟಾರಿನ ವೈರು ಚುಚ್ಚಿದಳು, ಒಮ್ಮೆ ಮೀಟಿದಳು. ಎದುರಂಗಡಿಯ ದರ್ಜಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದ. ಮಾವ ಕನ್ನಡಕ ತೆಗೆದು ಒರೆಸಿಕೊಂಡ. "ಇಷ್ಟು ವರ್ಷ ನಿನ್ನ ಕೈಗೇ ಕಾದು ಕೂತಿತ್ತು ನೋಡು ಇದು" ಎಂದು ಅವಳಿಗೆ ಹೇಳಿದ. ಸುಟ್ಟು ಬೊಬ್ಬೆಯೆದ್ದ ನನ್ನ ಬೆರಳುಗಳು ಜೇಬಿನೊಳಗಿದ್ದವು. ಅಲ್ಲೇ ಇರಲಿ ಎಂದುಕೊಂಡೆ.

ಮನೆಯಲ್ಲಿ ಅದು 'ಅಕ್ಕನ ಪೆಟ್ಟಿಗೆ' ಆಯಿತು. ಅಮ್ಮ ಅವಳ ಕೋಣೆಯಲ್ಲಿ ಜಾಗ ಮಾಡಿಕೊಟ್ಟಳು. ಮೆಟ್ಟಿಲು ಹತ್ತಿಸಲು ಒಂದು ಬದಿ ಹಿಡಿದವಳು ನಾನು. ಗೋಡೆಯ ಆಚೆ ಅದು ಹಾಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಯಾರೋ ಒಗರು ಕಾಯಿ ಅರೆದಂತಾಗುತ್ತಿತ್ತು. ಅವಳ ಗಿಟಾರಿನ ತಂತಿ ಹರಿದ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ.

ಶನಿವಾರ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಅವರ ಕಾರ್ಯಕ್ರಮ. ಬೆಳಿಗ್ಗೆ ಅಕ್ಕ ತಲೆ ಬಾಚುತ್ತಾ, ಕನ್ನಡಿಯಿಂದ ಕಣ್ಣು ತೆಗೆಯದೆ, "ಗುಬ್ಬಿ, ಅದನ್ನ ಒಂಚೂರು ಒರೆಸಿಡ್ತೀಯಾ?" ಎಂದಳು. ಒರೆಸಿದೆ. ಒರೆಸುತ್ತಾ ಹಿಂದಿನ ಹಲಗೆ ತೆಗೆದು, ಸ್ಪೀಕರಿಗೆ ಹೋಗುವ ತಂತಿಯನ್ನು ಕಿತ್ತು, ಹಲಗೆ ಮುಚ್ಚಿದೆ. ನುಡಿಸಲಿ, ಇಡೀ ಸಭೆಯೆದುರು ಮೂಕ ಪೆಟ್ಟಿಗೆ ನುಡಿಸಲಿ.

ಅಂಗಡಿಯಲ್ಲಿ ಕೂತು ಆ ದೃಶ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡೆ. ಅಕ್ಕ ಮೀಟುತ್ತಾಳೆ. ಸದ್ದಿಲ್ಲ. ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಏನು ಮಾಡುತ್ತಾಳೆ? ಸದ್ದು ಹೆಚ್ಚಿಸುವ ಗುಬಟು ತಿರುಗಿಸುತ್ತಾಳೆ. ಯಾರಾದರೂ ಅದನ್ನೇ ಮಾಡುತ್ತಾರೆ. ಪೂರ್ತಿ ತಿರುಗಿಸಿ ಮತ್ತೆ ಜೋರಾಗಿ ಮೀಟುತ್ತಾಳೆ.

ನನ್ನ ಕೈಯ ಬೆಸುಗೆ ಕಡ್ಡಿ ನಿಂತಿತು.

ಕೆಲಸ ಕೊಡದಿದ್ದರೆ ಕರೆದವರನ್ನೇ ತಿನ್ನುವ ಭೂತದ ಕಥೆ ಅಜ್ಜಿ ಎಷ್ಟು ಸಲ ಹೇಳಿರಲಿಲ್ಲ. ವಾಲ್ವಿನ ಪೆಟ್ಟಿಗೆಯದೂ ಅದೇ ಜಾಯಮಾನ. ಸ್ಪೀಕರ್ ಇಲ್ಲದಿದ್ದರೆ ಅದರ ಬಲಕ್ಕೆ ಹೋಗಲು ಜಾಗವಿಲ್ಲ. ತಿರುಗಿ ಬಂದು ತನ್ನದೇ ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ. ಅಂಥ ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಿಕೊಡುವವರು ಈಗ ಯಾರೂ ಇಲ್ಲ ಎಂದು ಮಾವ ಹೇಳಿದ್ದ. ನಾಲ್ಕು ತಿಂಗಳು ನಾನು ಮುಟ್ಟಲೂ ಹೆದರಿದ್ದ ಭಾಗ ಅದೊಂದೇ.

ಮಾವನಿಗೆ ಏನೂ ಹೇಳದೆ ಓಡಿದೆ.

ಸಭಾಂಗಣದ ಕುರ್ಚಿಗಳು ತುಂಬಿದ್ದವು. ವೇದಿಕೆಯ ಮೇಲೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ವಾಲ್ವು ಬಿಸಿಯಾಗಲು ಒಂದು ನಿಮಿಷ ಬಿಟ್ಟು ಎರಡನೆಯ ಸ್ವಿಚ್ ಹಾಕಬೇಕೆಂದು ನಾನೇ ಕಲಿಸಿದ್ದೆ. ಅಕ್ಕ ತುಟಿಯಲ್ಲೇ ಎಣಿಸುತ್ತಾ ನಿಂತಿದ್ದಳು, ಬೆರಳು ಸ್ವಿಚ್ಚಿನ ಮೇಲೆ. ನಾನು ಗೋಡೆಯ ಪ್ಲಗ್ ಕಿತ್ತೆ.

"ಸ್ಪೀಕರ್ ತಂತಿ ಹಾಕಿಲ್ಲ ಅಕ್ಕ. ಹಾಗೇ ನುಡಿಸಿದ್ರೆ ಸುಟ್ಟುಹೋಗುತ್ತೆ."

"ಗಾಡೀಲಿ ತರೋವಾಗ ಕಳಚಿಕೊಂಡಿತಾ?"

ಅವಳು ಬಾಗಿಲು ತೆರೆದುಕೊಟ್ಟಿದ್ದಳು. ಹೂಂ ಎಂದಿದ್ದರೆ ಸಾಕಿತ್ತು, ಓಡಿ ಬಂದು ಕಾಪಾಡಿದ ತಂಗಿ ಆಗುತ್ತಿದ್ದೆ.

"ಇಲ್ಲ. ಬೆಳಿಗ್ಗೆ ನಾನೇ ಕಿತ್ತೆ."

ಡ್ರಮ್ ಬಾರಿಸುವವನು ತನ್ನ ಕೋಲುಗಳನ್ನು ಪರೀಕ್ಷಿಸತೊಡಗಿದ. ಅಕ್ಕ ಕೆಳದನಿಯಲ್ಲಿ ಕೇಳಿದಳು, "ಯಾಕೆ?"

"ನಿನ್ನ ಕೈಗೇ ಕಾದಿತ್ತು ಅಂದ್ರಲ್ಲ ಮಾವ. ನೀನೂ ಸುಮ್ಮನೆ ಕೇಳಿಸ್ಕೊಂಡೆ."

ಅವಳ ಕಿವಿ ಕೆಂಪಾಯಿತು. ನನ್ನ ಮೇಲಿನ ಸಿಟ್ಟಿಗೋ, ಇನ್ಯಾವುದಕ್ಕೋ. "ಹಾಕು" ಎಂದಳು. "ಹಾಕಿ ಇಲ್ಲೇ ಹಿಂದೆ ಕೂತ್ಕೋ. ಮುಗಿಯೋ ತನಕ ಏಳಬೇಡ."

ನಾಣ್ಯದಿಂದ ಸ್ಕ್ರೂ ಬಿಚ್ಚಿ ತಂತಿ ಸಿಕ್ಕಿಸಿದೆ. ಅವಸರದಲ್ಲಿ ಒಂದು ಸ್ಕ್ರೂ ವೇದಿಕೆಯ ಸಂದಿಗೆ ಉರುಳಿಹೋಯಿತು. ಅಕ್ಕ ನುಡಿಸಿದಳು. ಹಾಡೆಲ್ಲ ಮುಂದಕ್ಕೆ, ಜನರತ್ತ ಹೋಗುತ್ತಿತ್ತು. ಹಿಂದೆ ಕೂತ ನನಗೆ ಬಂದದ್ದು ವಾಲ್ವುಗಳ ಶಾಖ ಮತ್ತು ಸುಟ್ಟ ಧೂಳಿನ ವಾಸನೆ. ಎರಡನೆಯ ಹಾಡಿನ ತಗ್ಗಿನ ಸ್ವರಕ್ಕೆ, ಸ್ಕ್ರೂ ಇಲ್ಲದ ಕಡೆ ಹಲಗೆ ಜರ್ರೆಂದು ಅದುರತೊಡಗಿತು. ಅಕ್ಕ ಹುಬ್ಬು ಗಂಟಿಕ್ಕಿ ತನ್ನ ತಂತಿಗಳನ್ನೇ ನೋಡಿಕೊಂಡಳು. ತಪ್ಪು ತನ್ನ ಬೆರಳಿನದೆಂದು ಅವಳ ಎಣಿಕೆ.

ಒಂದು ಕ್ಷಣ ಹಾಗೇ ಎಣಿಸಲು ಬಿಟ್ಟೆ. ಸುಳ್ಳು ಹೇಳುವುದಿಲ್ಲ, ಆ ಕ್ಷಣ ಸಿಹಿಯಾಗಿತ್ತು.

ಆಮೇಲೆ ಅಂಗೈಯಿಂದ ಹಲಗೆ ಒತ್ತಿ ಹಿಡಿದೆ. ಅದುರುವುದು ನಿಂತಿತು. ಇನ್ನೂ ಐದು ಹಾಡುಗಳಿದ್ದವು. ಜನ ಚಪ್ಪಾಳೆ ತಟ್ಟಿದಾಗಲೆಲ್ಲ ಹೊಟ್ಟೆಯೊಳಗೆ ಅದೇ ಒಗರು; ಅಂಗೈ ಕಾದು ಕೆಂಪಾದರೂ ಕೈ ಬದಲಿಸಿದೆನೇ ಹೊರತು ತೆಗೆಯಲಿಲ್ಲ.