ಉಪ್ಪಿನ ಕಪ್, ಮೆಷಿನ್ ಶೀಲ್ಡ್

ಕಿಡಿಗೆ ಮೂಗಿನ ತುದಿಯಲ್ಲೇ ಕೋಪ ಎಂದರೆ ಕಡಿಮೆ ಹೇಳಿದಂತೆ. ಅವನ ಮೂಗೇ ಕೋಪದ್ದು. ಹೆಸರು ಇಟ್ಟವರು ವೆಲ್ಡಿಂಗ್ ಅಂಗಡಿಯ ಜೊತೆಗಾರರು. ಕಬ್ಬಿಣ ಮೊದಲು ಕೆಂಪಾಗುತ್ತದೋ ಇವನೋ ಎಂದು ಅಲ್ಲಿ ಪಂದ್ಯ ಕಟ್ಟುತ್ತಿದ್ದರು. ಆ ಬೆಳಿಗ್ಗೆ ಕಬ್ಬಿಣ ಸೋತಿತ್ತು.

ಅವನ ಅಕ್ಕ ಭಾರ ಎತ್ತುವವಳು. ರಾತ್ರಿ ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆ, ಸಂಜೆ ಕ್ಲಬ್ಬಿನಲ್ಲಿ ಬಾರ್‌ಬೆಲ್. ಈಗ ಆ ಕ್ಲಬ್ಬಿಗೆ ಹುಡುಗಿಯರ ಕೋಚ್ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ಗೋದಾಮಿಗೆ ಕೈಮುಗಿದು ಹೊರಬರಬಹುದು. ಅಕ್ಕ ಬಯಸಿದ್ದು ಅದೊಂದನ್ನೇ. ಆದರೆ ಕ್ಲಬ್ಬಿನ ಪದ್ಧತಿ ಬೇರೆ: ಕೆಲಸ ಕೊಡುವ ಮೊದಲು ಅಧ್ಯಕ್ಷರೂ ಕಾರ್ಯದರ್ಶಿಯೂ ಮನೆಗೇ ಬಂದು ಟ್ರೋಫಿಗಳನ್ನು ನೋಡಬೇಕು. ಗೆದ್ದದ್ದನ್ನು ಇಟ್ಟುಕೊಂಡ ರೀತಿ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಎಂಬುದು ಅಧ್ಯಕ್ಷರ ಸಿದ್ಧಾಂತ. ಅದೇ ಕೆಲಸಕ್ಕೆ ಅಕ್ಕನ ಎದುರು ನಿಂತಿದ್ದವನ ಮನೆ ಆಗಲೇ ನೋಡಿ ಬಂದಿದ್ದರು. ಗಾಜಿನ ಬಾಗಿಲು, ಒಳಗೆ ದೀಪ, ಪ್ರತಿ ಕಪ್ಪಿನ ಕೆಳಗೂ ಹಿತ್ತಾಳೆಯ ಹೆಸರುಪಟ್ಟಿ. ಕಿಡಿ ಅವನಿಗೆ 'ಷೋಕೇಸು' ಎಂದೇ ಹೆಸರಿಟ್ಟಿದ್ದ.

ಇವರ ಮನೆಯಲ್ಲಿ ಮಾತ್ರ ಒಂದು ಕಪ್ಪೂ ಕಪ್ಪಿನಂತೆ ಇರಲಿಲ್ಲ. ಎರಡೇ ಕೋಣೆ, ನಿಲ್ಲಲು ಜಾಗವಿಲ್ಲ. "ಈ ಮನೇಲಿ ಕೂತು ತಿನ್ನೋರು ಯಾರೂ ಇಲ್ಲ, ಕಪ್ಪಿಗೂ ಆ ಭಾಗ್ಯ ಇಲ್ಲ" ಎಂದು ಅಮ್ಮ ಮೊದಲ ಸಲ ಬಹುಮಾನ ಬಂದ ದಿನವೇ ಅದರೊಳಗೆ ಉಪ್ಪು ಸುರಿದಿದ್ದಳು. ಅಂದಿನಿಂದ ಬಂದದ್ದಕ್ಕೆಲ್ಲ ಒಂದೊಂದು ಕೆಲಸ, ಆ ಕೆಲಸದ್ದೇ ಹೆಸರು. ಉಪ್ಪಿನ ಕಪ್, ಚಮಚದ ಕಪ್, ಬಟ್ಟೆಗೆ ಹಾಕುವ ಕ್ಲಿಪ್ಪುಗಳು ತುಂಬಿದ ಕ್ಲಿಪ್ಪಿನ ಕಪ್. ಬಚ್ಚಲ ಬಾಗಿಲು ತಾನಾಗಿ ತೆರೆಯದಂತೆ ಚಿಲಕಕ್ಕೆ ಸುತ್ತಿದ್ದದ್ದು ಬಾಗಿಲ ಪದಕ. ಮರದ ಹಲಗೆಯ ದೊಡ್ಡ ಶೀಲ್ಡ್ ಬಟ್ಟೆ ಒಗೆಯುವ ಮೆಷಿನ್ನಿನ ಗಿಡ್ಡ ಕಾಲಿನ ಕೆಳಗೆ ಮಲಗಿತ್ತು. ಅದು ಮೆಷಿನ್ ಶೀಲ್ಡ್. ಉಜ್ಜಿ ಉಜ್ಜಿ ಅವುಗಳ ಮೇಲಿನ ಬರಹವೆಲ್ಲ ಎಂದೋ ಅಳಿಸಿಹೋಗಿತ್ತು.

"ಇದನ್ನ ನೋಡಿದ್ರೆ ಅವರು ಉಗೀತಾರೆ" ಎಂದ ಕಿಡಿ.

"ಉಗಿದ್ರೆ ಒರೆಸ್ಕೊಂಡ್ರಾಯ್ತು" ಎಂದಳು ಅಕ್ಕ. ರಾತ್ರಿ ಪಾಳಿಯ ಆಯಾಸದಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ನಿನಗೆ ಸಿಟ್ಟೇ ಬರಲ್ವೇನಕ್ಕಾ? ಆ ಷೋಕೇಸು ಬಾರ್‌ಬೆಲ್ ಮುಟ್ಟಿ ಎಷ್ಟು ವರ್ಷ ಆಯ್ತೋ! ಹುಡುಗಿಯರಿಗೆ ಏನ್ ಕಲಿಸ್ತಾನೆ, ಗಾಜು ಒರೆಸೋದಾ?"

"ಮನೆ ಸಿಟ್ಟಿನ ಗುತ್ತಿಗೆಯನ್ನೆಲ್ಲ ನೀನೊಬ್ಬನೇ ಹಿಡಿದಿದ್ದೀಯಲ್ಲೋ, ನನಗೆಲ್ಲಿ ಉಳಿದಿದೆ?"

ಅವಳು ನಿದ್ದೆಹೋದ ಮೇಲೆ ಕಿಡಿ ಕೆಲಸಕ್ಕಿಳಿದ. ಅಂಗಡಿಯಲ್ಲಿ ತಾನೇ ಬೆಸುಗೆ ಹಾಕಿ ತಂದಿದ್ದ ಕಬ್ಬಿಣದ ರ‍್ಯಾಕನ್ನು ಗೋಡೆಗೆ ನಿಲ್ಲಿಸಿದ. ಉಪ್ಪನ್ನು ಒಂದು ಕವರಿಗೆ, ಚಮಚಗಳನ್ನು ಬಕೆಟ್ಟಿಗೆ, ಕ್ಲಿಪ್ಪುಗಳನ್ನು ಅಮ್ಮನ ಮಡಿಲಿಗೆ ಸುರಿದ. ಕಪ್ಪುಗಳನ್ನು ಪಾಲಿಷ್ ಮಾಡಿ ಎತ್ತರದ ಪ್ರಕಾರ ಸಾಲು ನಿಲ್ಲಿಸಿದ. ತಗಡಿನ ತುಂಡುಗಳಿಗೆ ಬಣ್ಣದಲ್ಲಿ 'ಪ್ರಥಮ', 'ದ್ವಿತೀಯ' ಎಂದು ಬರೆದು ಅಂಟಿಸಿದ. ಯಾವುದು ಪ್ರಥಮ ಎಂದು ಅವನಿಗೆಲ್ಲಿ ಗೊತ್ತು? ದೊಡ್ಡದೆಲ್ಲ ಪ್ರಥಮ ಎಂದುಕೊಂಡ. ಕೊನೆಗೆ ಮೆಷಿನ್ನಿನ ಮೂಲೆಯನ್ನು ಹಾರೆಕೋಲಿನಿಂದ ಮೀಟಿ ಶೀಲ್ಡನ್ನೂ ಎಳೆದು ನಡುಮಧ್ಯೆ ಇಟ್ಟ.

"ಉಪ್ಪೆಲ್ಲೋ?" ಎಂದು ಅಮ್ಮ ಒಲೆಯ ಮುಂದಿನಿಂದ ಕೂಗಿದಳು.

"ಒಂದು ದಿನ ಸಪ್ಪೆ ತಿಂದ್ರೆ ಯಾರೂ ಸಾಯಲ್ಲಮ್ಮ!"

ಅಮ್ಮ ಗೊಣಗುತ್ತ ಅಕ್ಕನ ಗೋದಾಮಿನ ಸಮವಸ್ತ್ರವನ್ನು ಮೆಷಿನ್ನಿಗೆ ಹಾಕಿ ಗುಂಡಿ ಒತ್ತಿದಳು. ಅತಿಥಿಗಳು ಬರುವಷ್ಟರಲ್ಲಿ ಮುಗಿದಿರುತ್ತದೆ ಎಂಬುದು ಅವಳ ಲೆಕ್ಕ. ಅತಿಥಿಗಳದು ಬೇರೆ ಲೆಕ್ಕ. ಅವರು ಬೇಗನೇ ಬಂದುಬಿಟ್ಟರು.

ಅಧ್ಯಕ್ಷರು ಕೋಟು ತೊಟ್ಟ ದಪ್ಪ ಮನುಷ್ಯರು. ಕಾರ್ಯದರ್ಶಿ ಸಣಕಲು ಹೆಂಗಸು, ಬಿಟ್ಟ ಕಣ್ಣು ಬಿಟ್ಟಂತೆ ಎಲ್ಲವನ್ನೂ ನೋಡುವವರು. ಅಕ್ಕ ಮುಖ ತೊಳೆದು ಹೊರಬಂದು ರ‍್ಯಾಕನ್ನು ನೋಡಿದಳು, ತಮ್ಮನನ್ನು ನೋಡಿದಳು. ಅಧ್ಯಕ್ಷರು ಎಲ್ಲಕ್ಕಿಂತ ಎತ್ತರದ ಕಪ್ಪನ್ನು ಕೈಗೆತ್ತಿಕೊಂಡರು.

"ಭೇಷ್. ಪ್ರಥಮ! ಯಾವ ಸ್ಪರ್ಧೆಯದಮ್ಮ ಇದು?"

ಕಿಡಿ ಅಕ್ಕನಿಗೆ ಕಣ್ಣು ಮಿಟುಕಿಸಿದ. ಒಂದು ಸುಳ್ಳು ಸಾಕಿತ್ತು. ಕೆಲಸ ಅಂಗೈಯಲ್ಲಿತ್ತು.

"ಅದು ಪ್ರಥಮ ಅಲ್ಲ ಸಾರ್" ಎಂದಳು ಅಕ್ಕ. "ಅದು ಉಪ್ಪು."

"ಏನು?"

"ಉಪ್ಪಿನ ಕಪ್. ಮೂರನೇ ಸ್ಥಾನ. ನಾನು ಮೊದಲ ಸಲ ಸ್ಟೇಜ್ ಹತ್ತಿದ್ದು. ಆವತ್ತು ಕಾಲು ಹೇಗೆ ನಡುಗ್ತಿತ್ತು ಅಂದ್ರೆ, ಎತ್ತಿದ್ದು ನಾನೋ ಬೇರೆ ಯಾರೋ ಅಂತ ಇವತ್ತಿಗೂ ಅನುಮಾನ. ಪಕ್ಕದ ಪುಟ್ಟದಿದೆಯಲ್ಲ, ಚಮಚದ್ದು, ಅದೇ ಪ್ರಥಮ."

ಅಧ್ಯಕ್ಷರು ಕಪ್ಪಿನೊಳಗೆ ಬೆರಳಾಡಿಸಿ ನಾಲಗೆಗೆ ಹಚ್ಚಿಕೊಂಡರು. ಮುಖ ಹುಳಿಯಾಯಿತು.

"ಇದೇನಮ್ಮ ಇದು? ದಾಖಲೆ ಇಲ್ಲ, ಕ್ರಮ ಇಲ್ಲ. ಆ ಮನುಷ್ಯನ ಮನೆ ನೋಡಿದ್ರೆ…"

ಅಷ್ಟರಲ್ಲಿ ಪರದೆಯ ಹಿಂದಿನಿಂದ ಧಡ್ ಎಂದು ಸದ್ದಾಯಿತು. ಮತ್ತೆ ಧಡ್, ಧಡಧಡ. ಬಟ್ಟೆ ಹಿಂಡುವ ಹೊತ್ತು ಬಂದಿತ್ತು, ಗಿಡ್ಡ ಕಾಲಿಗೆ ಆಸರೆಯಿರಲಿಲ್ಲ. ಮೆಷಿನ್ ಕುಂಟುತ್ತ, ಕುಣಿಯುತ್ತ, ಪರದೆಯನ್ನು ಕಿತ್ತು ಮುಸುಕು ಹಾಕಿಕೊಂಡ ಕಳ್ಳನಂತೆ ನಡುಮನೆಗೇ ನಡೆದು ಬಂತು. ಅಧ್ಯಕ್ಷರು ಉಪ್ಪಿನ ಕಪ್ಪನ್ನು ಎದೆಗವಚಿಕೊಂಡು ಕುರ್ಚಿಯ ಹಿಂದಕ್ಕೆ ಹಾರಿದರು.

"ಮೆಷಿನ್ ಶೀಲ್ಡ್ ತೆಗೆದವನು ಯಾವನೋ!" ಎಂದು ಅಮ್ಮ ಕಿರುಚಿದಳು.

ಅಕ್ಕ ಸ್ವಿಚ್ ಆರಿಸಿದಳು. ಸದ್ದು ನಿಂತ ಮೇಲೆ ಆ ಭಾರವನ್ನು ಅಪ್ಪಿಕೊಂಡು, ಮೂಲೆ ಮೂಲೆಯಾಗಿ ತಿರುಗಿಸುತ್ತ, ಅದರ ಜಾಗಕ್ಕೆ ಒಯ್ದು ನಿಲ್ಲಿಸಿದಳು. ಉಸಿರೂ ಏರಲಿಲ್ಲ.

"ಶೀಲ್ಡ್ ತಾರೋ. ನಾನು ಎತ್ತುತೀನಿ, ನೀನು ಕೆಳಗೆ ತಳ್ಳು."

"ಒಂದು ನಿಮಿಷ" ಎಂದರು ಕಾರ್ಯದರ್ಶಿ. ಅವರು ಪರ್ಸನ್ನು ನೆಲದ ಮೇಲಿಟ್ಟಾಗಿತ್ತು. "ನಾನು ಎತ್ತಲಾ? ನನ್ನಿಂದ ಆಗುತ್ತಾ?"

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಆಗುತ್ತೆ" ಎಂದಳು, ಹೊರಗೆ ಬಿಸಿಲಿದೆ ಎಂಬಷ್ಟು ಸಲೀಸಾಗಿ. "ಬೆನ್ನು ಬಗ್ಗಿಸಬೇಡಿ. ಮಂಡಿ ಬಗ್ಗಿಸಿ. ಪಾದ ಅಗಲ ಮಾಡಿ, ಇನ್ನೂ ಹತ್ತಿರ ಬನ್ನಿ. ಅದಕ್ಕೆ ಹೆದರಿ ದೂರ ನಿಂತ್ರೆ ಅದು ಭಾರ ಆಗುತ್ತೆ. ಉಸಿರು ತಗೊಳ್ಳಿ. ಕೈಯಿಂದ ಅಲ್ಲ ಮೇಡಂ, ನೆಲಾನ ಕಾಲಲ್ಲಿ ಒತ್ತಿ. ಹಾಂ, ಈಗ!"

ಮೂಲೆ ಮೇಲೆದ್ದಿತು. ಕಿಡಿ ಶೀಲ್ಡನ್ನು ಕೆಳಗೆ ತಳ್ಳಿದ. ಕಾರ್ಯದರ್ಶಿ ಮೆಲ್ಲಗೆ ಇಳಿಸಿ ನೆಟ್ಟಗೆ ನಿಂತು ತಮ್ಮ ಕೈಗಳನ್ನೇ ನೋಡಿಕೊಂಡರು, ಯಾರದೋ ಕೈ ತಮಗೆ ಬಂದುಬಿಟ್ಟಿದೆ ಎಂಬಂತೆ.

"ನಿನ್ನೆ ಆ ಇನ್ನೊಬ್ಬರ ಮನೇಲಿ 'ಮುಟ್ಟಬೇಡಿ, ಗಾಜು' ಅಂದ್ರು" ಎಂದರು. ಅಕ್ಕನ ಕಡೆ ತಿರುಗಿದರು. "ಸೋಮವಾರ ಬಂದುಬಿಡಮ್ಮ. ಹುಡುಗಿಯರು ಬೆಳಿಗ್ಗೇನೇ ಬಂದಿರ್ತಾರೆ."

"ಕಾರ್ಯದರ್ಶಿಗಳೇ, ನನ್ನ ಅಭಿಪ್ರಾಯ ಕೇಳೋದು ಬೇಡವೇ?"

"ಕೇಳೋಣ, ಅಧ್ಯಕ್ಷರೇ. ಮೊದಲು ನೀವೂ ಒಂದ್ಸಲ ಎತ್ತಿ ನೋಡಿ."

ಅಧ್ಯಕ್ಷರು ಮೆಷಿನ್ನನ್ನು ನೋಡಿದರು, ಕಾರ್ಯದರ್ಶಿಯನ್ನು ನೋಡಿದರು. ಕೋಟು ಬಿಚ್ಚಿ ಕಿಡಿಯ ಕೈಗೆ ಕೊಟ್ಟರು. ಹುಟ್ಟಿದಂದಿನಿಂದ ಯಾರ ಕೋಟನ್ನೂ ಹಿಡಿಯದ ಕಿಡಿ ಅದನ್ನು ಬಾಯಿಮುಚ್ಚಿಕೊಂಡು ಹಿಡಿದು ನಿಂತ.

"ಮಂಡಿ, ಸಾರ್, ಮಂಡಿ" ಎಂದಳು ಅಕ್ಕ, ಅವರ ಬೆನ್ನ ಹಿಂದೆ ನಿಂತು. "ಹೊಟ್ಟೆ ಅಡ್ಡ ಬಂದ್ರೆ ಬರಲಿ ಬಿಡಿ, ಅದನ್ನ ಆಮೇಲೆ ನೋಡ್ಕೊಳ್ಳೋಣ."