ಮರದ ಕೆಳಗೆ ಕೇಳಿದ ಪ್ರಶ್ನೆ

ರವಿಚಂದ್ರ ಮೇಷ್ಟ್ರ ಎದುರಿಗೆ ಕೂತಿದ್ದ ರಂಜಿತಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಮಳವಳ್ಳಿಯ ಹುಡುಗಿ, ಮಂಡ್ಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಎರಡನೇ ವರ್ಷ. ಜೊತೆಯವರೆಲ್ಲ ಲೆಕ್ಕಾಚಾರ ಬೇಡದ ವಿಷಯ ಹುಡುಕಿಕೊಂಡು ನುಣುಚಿಕೊಂಡರೆ, ಇವಳು ಅಂಕಿಅಂಶದ ಸಂಶೋಧನೆಯನ್ನೇ ಕಲಿಯುತ್ತೇನೆಂದು ಹಠ ಹಿಡಿದು ಕೊಕ್ಕರೆ ಬೆಳ್ಳೂರಿನ ಸಮೀಕ್ಷೆ ತೆಗೆದುಕೊಂಡಿದ್ದಳು. ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳಿಂದ ಜನರಿಗೆ ಎಷ್ಟು ತೊಂದರೆ ಎಂಬುದು ಪ್ರಶ್ನೆ. ಏನೇನೂ ಇಲ್ಲವೆಂದರೆ ಒಂದು, ಬಹಳ ಇದೆಯೆಂದರೆ ಐದು, ಮಿಕ್ಕವು ನಡುವೆ. ಬೀದಿಬೀದಿ ಅಲೆದು ತಂದ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿದರೆ ಎಲ್ಲರದೂ ಒಂದು. ಗಂಡಸರದೂ ಒಂದು, ಹೆಂಗಸರದೂ ಒಂದು. ಉತ್ತರಗಳು ಎಷ್ಟು ಚದುರಿವೆ ಎಂದು ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತೂ ದುಂಡಗೆ ಸೊನ್ನೆ.

ಮೇಷ್ಟ್ರು ಕೆಟ್ಟವರೇನಲ್ಲ. ಆದರೆ ಹಾಸ್ಟೆಲಿನ ಮಂಚದ ಮೇಲೆ ಕಾಲು ಚಾಚಿಕೊಂಡು ಊರಿನವರ ಉತ್ತರವನ್ನೆಲ್ಲ ತಾವೇ ಬರೆದು ತರುವ ಘನಪಂಡಿತರನ್ನು ಬೇಕಾದಷ್ಟು ನೋಡಿದ್ದರು.

"ಇಷ್ಟು ಜನ ಒಂದೇ ಮಾತು ಹೇಳೋದು ಎಲ್ಲೂ ಇಲ್ಲ ಕಣಮ್ಮ. ಇದು ಕೂತಲ್ಲೇ ಬರೆದದ್ದು," ಎಂದರು.

ನಂಬುವಂಥ ಉತ್ತರ ತರದಿದ್ದರೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ, ಈ ವರ್ಷ ಹೋದಂತೆಯೇ ಎಂದೂ ಸೇರಿಸಿದರು. ರಂಜಿತಳಿಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಬಿಸಿಲಲ್ಲಿ ಮುಖ ಸುಟ್ಟುಕೊಂಡದ್ದು ಅವಳು, ಕೊನೆಗೆ ಕಳ್ಳಿ ಎನ್ನಿಸಿಕೊಂಡವಳೂ ಅವಳೇ.

ಮರುದಿನ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮತ್ತೆ ಬೆಳ್ಳೂರಿಗೆ ಹೋದಳು. ಹಿಂದಿನ ಸಲ ಹೊಟ್ಟೆತುಂಬ ಮಜ್ಜಿಗೆ ಕೊಟ್ಟಿದ್ದ ಚಿಕ್ಕಬೋರಮ್ಮ ಇವಳ ಬಾಡಿದ ಮುಖ ನೋಡಿ ಒಳಗೆ ಕರೆದು, ಮುದ್ದೆ ಬಡಿಸಿ, ಹಿತ್ತಲಲ್ಲಿ ಸೀರೆ ಒಗೆಯಲು ಕೂತರು. ಒಗೆಯುತ್ತಲೇ ಗೊಣಗಾಟ ಶುರುವಾಯಿತು. ಒಣಹಾಕಿದ ಸೀರೆಯ ಮೇಲೆಲ್ಲ ಹಿಕ್ಕೆಯಂತೆ, ಒಂದೇ ದಿನಕ್ಕೆ ಎರಡನೇ ಸಲ ಒಗೆಯುತ್ತಿದ್ದಾರಂತೆ, ಗೂಡಿನಿಂದ ಬೀಳುವ ಮೀನಿನ ವಾಸನೆಗೆ ಅಂಗಳದಲ್ಲಿ ಕೂರುವಂತಿಲ್ಲವಂತೆ.

ತುತ್ತು ರಂಜಿತಳ ಕೈಯಲ್ಲೇ ಉಳಿಯಿತು. ಮೊನ್ನೆ ಏನೂ ತೊಂದರೆಯಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದ್ದು ಇದೇ ಅಮ್ಮ. ಹಾಗೆಂದು ಕೇಳಿಯೇಬಿಟ್ಟಳು.

ಚಿಕ್ಕಬೋರಮ್ಮ ಬಾಗಿಲಾಚೆಗಿನ ಮರದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನೀನು ಮರದ ಬುಡ್ದಲ್ಲಿ ನಿಂತ್ಕಂಡು ಕೇಳುದ್ರೆ ಇನ್ನೇನವ್ವ ಏಳದು? ತವರ್ಗೆ ಬಾಣ್ತನಕ್ಕೆ ಬಂದಿರೋ ಎಣ್ಮಕ್ಳು ಅವು. ಅವರ ಕಿವಿಗೆ ಬೀಳಂಗೆ ದೂರು ಏಳಕಾಯ್ತದಾ?"

ರಂಜಿತಳಿಗೆ ನಗು ತಡೆಯಲಾಗಲಿಲ್ಲ. ನೆರಳು ಚೆನ್ನಾಗಿದೆಯೆಂದು ಊರವರನ್ನೆಲ್ಲ ಹುಣಸೆಮರದ ಕೆಳಗೇ ನಿಲ್ಲಿಸಿ ಪ್ರಶ್ನೆ ಕೇಳಿದ್ದವಳು ತಾನೇ. ಅಂದಿನಿಂದ ಅಡುಗೆಮನೆ, ಹಿತ್ತಲು, ಕೊಟ್ಟಿಗೆಗಳಲ್ಲಿ ಕೂತು ಒಬ್ಬೊಬ್ಬರನ್ನೇ ಹೊಸದಾಗಿ ಕೇಳಿದಳು. ಒಬ್ಬರು ಐದು ಎಂದರು, ಒಬ್ಬರು ಎರಡು. ಹಿಕ್ಕೆ ಒಳ್ಳೆ ಗೊಬ್ಬರ, ಇನ್ನಷ್ಟು ಬೀಳಲಿ ಎಂದವರೂ ಸಿಕ್ಕರು. ಸತ್ತಂತಿದ್ದ ಸೊನ್ನೆಗೆ ಜೀವ ಬಂತು. ಪರದೆಯ ಮೇಲೆ ಆ ಹೊಸ ಅಂಕಿ ಮೂಡಿದಾಗ ರಂಜಿತ ಹಾಸ್ಟೆಲಿನಲ್ಲಿ ಒಬ್ಬಳೇ ಕುಣಿದಳು.

ಮೇಷ್ಟ್ರು ಮಾತ್ರ, ಮೊದಲು ಎಲ್ಲ ಒಂದೇ ಥರ, ಈಗ ಎಲ್ಲ ಬೇರೆ ಬೇರೆ, ಯಾವುದನ್ನು ನಂಬಲಿ ಎಂದರು. ಬಾಣಂತಿಯರ ಕಥೆ ಕೇಳಿ ನಕ್ಕು, ಅದನ್ನು ಪ್ರಬಂಧದಲ್ಲಿ ಬರೆದರೆ ಪರೀಕ್ಷಕರೂ ನಗುತ್ತಾರೆ, ನಾನೇ ಬಂದು ಕೇಳುತ್ತೇನೆ ಎಂದರು.

ಶನಿವಾರ ಬಂದೇಬಿಟ್ಟರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ರಂಜಿತ ಬೇಡವೆಂದರೂ ಕೇಳದೆ ಮರದ ಕೆಳಗೇ ನಿಂತು, ಈ ಪಕ್ಷಿಗಳಿಂದ ತಮಗೇನಾದರೂ ತೊಂದರೆಯೇ ಎಂದು ಚಿಕ್ಕಬೋರಮ್ಮನನ್ನು ಗಟ್ಟಿಯಾಗಿ ಕೇಳಿದರು.

"ಏನೂ ಇಲ್ಲ ಕಣ್ ಸಾಮಿ," ಎಂದರು ಚಿಕ್ಕಬೋರಮ್ಮ.

ಸುತ್ತ ನಿಂತವರೂ ಹಾಗೇ ಎಂದರು. ಮೇಷ್ಟ್ರು ಈಗೇನು ಹೇಳುತ್ತೀ ಎಂಬಂತೆ ರಂಜಿತಳ ಕಡೆ ತಿರುಗಿದರು. ಅಷ್ಟರಲ್ಲಿ ಮೇಲಿನ ಗೂಡಿನಿಂದ ಅರ್ಧ ತಿಂದ ಮೀನೊಂದು ಪಚಕ್ಕೆಂದು ಅವರ ಹೆಗಲ ಮೇಲೆ ಬಿದ್ದು, ಬಿಳಿ ಅಂಗಿಯ ಮೇಲೆ ನಿಧಾನವಾಗಿ ಜಾರತೊಡಗಿತು.

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ರಂಜಿತ ಚೀಲದಿಂದ ಹೊಸ ಫಾರಂ ತೆಗೆದು, ಪೆನ್ನು ಬಿಚ್ಚಿದಳು.

"ಸಾರ್, ನಿಮಗೇನಾದ್ರೂ ತೊಂದರೆ?"

ಮೇಷ್ಟ್ರು ತಲೆಯೆತ್ತಿದರು. ಗೂಡಿನ ಅಂಚಿನಲ್ಲಿ ಮರಿಗಳನ್ನು ಮಗ್ಗುಲಿಗಿಟ್ಟುಕೊಂಡ ತಾಯಿ ಕೊಕ್ಕರೆ ಕತ್ತು ವಾಲಿಸಿ ಅವರನ್ನೇ ನೋಡುತ್ತಿತ್ತು. ಬಾಯಿಗೆ ಬಂದದ್ದನ್ನು ಅವರು ನುಂಗಿಕೊಂಡರು.

"ಏನೂ ಇಲ್ಲಮ್ಮ," ಎಂದು, ಆಮೇಲೆ ದನಿ ತಗ್ಗಿಸಿದರು. "ಒಳಗೆ ಹೋಗೋಣ, ಹೇಳ್ತೀನಿ."